ಹೊಸ ಸವಾರನ ವಿಮೆ

ದಾರಿಯ ಅಪಾಯಕ್ಕೆ ಬೆಲೆ ಕಟ್ಟುವ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನಷ್ಟೆ. ಬಡ್ಡಿಯ ಪ್ರಕರಣದಲ್ಲಿ ಆ ಸ್ಮೃತಿಯು ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದೂಕಾಲು, ಅಡವಿಯ ದಾರಿ ಹಿಡಿಯುವವನಿಗೆ 10, ಕಡಲು ದಾಟುವವನಿಗೆ 20 ಎಂದು ವಿಧಿಸುತ್ತದೆ. ಅಸಲೇ ಮುಳುಗಿಹೋಗುವ ಶಂಕೆಯೇ ಈ ಹೆಚ್ಚಳಕ್ಕೆ ಕಾರಣವೆಂದು ವ್ಯಾಖ್ಯಾನಕಾರನ ವಿವರಣೆ. ಅದು ವಿಮೆಯಲ್ಲ, ನಿಜ. ಆದರೆ ಅಪಾಯ ಬೆಳೆದಂತೆ ಹಣವೂ ಬೆಳೆಯಬೇಕೆಂಬ ವಿಮೆಯ ಮೂಲಸೂತ್ರ ಅಲ್ಲಿದೆ.

ಈ ಸೂತ್ರವನ್ನು ಹಾಗೆಯೇ ಹಿಡಿದರೆ, ನಿನ್ನೆ ಮೊನ್ನೆ ಫಟಫಟಿ ಕಲಿತ ತರುಣನು ನುರಿತ ಸವಾರನಿಗಿಂತ ಹೆಚ್ಚು ಕಂತು ಕೊಡಬೇಕಾದೀತು. 1930ರ ಕಾಯಿದೆಯಿಂದ ವಿಮೆ ಕಡ್ಡಾಯವಾದ ಬ್ರಿಟನ್ನಿನಲ್ಲಿ ಸವಾರನ ವಯಸ್ಸು, ಅನುಭವಗಳನ್ನು ತೂಗಿಯೇ ಕಂತು ಹೇಳುತ್ತಾರೆ. ನಮ್ಮಲ್ಲಿ ಆದ ಬಗೆ ಬೇರೆ.

1939ರ ಮೋಟಾರು ವಾಹನ ಕಾಯಿದೆಯ ವಿಮೆಯ ಅಧ್ಯಾಯವು ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಆಗ ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಗದಗಿನಿಂದ ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೊರಟವನು ಒಂದೇ ಪಯಣದಲ್ಲಿ ಮೂರು ಆಳಿಕೆಗಳನ್ನು ಕಾಣುತ್ತಿದ್ದನು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ನಾಡು ಒಂದಾಯಿತು. 1961ರಲ್ಲಿ ಮೈಸೂರಿನ ಕಾರ್ಖಾನೆಯಿಂದ ಜಾವಾ ಬಂಡಿ ಹೊರಬಂದಿತು. 1973ರ ಜನವರಿ 1ರಿಂದ ವಾಹನ ವಿಮೆಯು ನಾಲ್ಕು ಸರಕಾರಿ ಕಂಪನಿಗಳ ಕೈಸೇರಿತು. ಮುಂದೆ ಖಾಸಗಿ ಕಂಪನಿಗಳು ಬಂದವು. 2007ರಿಂದ ಸ್ವಂತ ಬಂಡಿಯ ಹಾನಿಯ ವಿಮೆಗೆ ಕಂಪನಿಗಳೇ ದರ ಕಟ್ಟುವಂತಾಯಿತು. ಆದರೆ ಪೆಟ್ಟುತಿಂದ ಅನ್ಯರಿಗೆ ಪರಿಹಾರ ಕೊಡುವ ಕಡ್ಡಾಯ ವಿಮೆಯ, ಅಂದರೆ ಥರ್ಡ್ ಪಾರ್ಟಿ ವಿಮೆಯ, ದರ ಸರಕಾರದ ಹತೋಟಿಯಲ್ಲೇ ಉಳಿಯಿತು.

ಆ ದರವು ಎಣಿಸುವುದು ಎಂಜಿನ್ನಿನ ಸಿ.ಸಿ.ಯನ್ನು, ಸವಾರನ ವಯಸ್ಸನ್ನಲ್ಲ. 2022ರ ಜೂನ್ 1ರ ಪಟ್ಟಿಯಂತೆ 75 ಸಿ.ಸಿ.ವರೆಗೆ ವರ್ಷಕ್ಕೆ 538 ರೂಪಾಯಿ, 150ರವರೆಗೆ 714, 350ರವರೆಗೆ 1,366, ಅದಕ್ಕೂ ಮೇಲೆ 2,804, ತೆರಿಗೆ ಬೇರೆ. ಹದಿನೆಂಟರ ಹುಡುಗನಿಗೂ ಐವತ್ತರ ಸೋದರಮಾವನಿಗೂ ಒಂದೇ ಬಗೆಯ ಬಂಡಿಗೆ ಒಂದೇ ಕಂತು. ಹೊಸಬನ ಅಪಾಯವನ್ನು ಎಲ್ಲ ಸವಾರರೂ ಹಂಚಿಕೊಂಡಂತಾಯಿತು. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದ ಕಣಗಿನಹಾಳವು ಗದಗಿನ ಮಗ್ಗುಲಲ್ಲೇ ಇದೆ. ಒಬ್ಬನ ಕಷ್ಟಕ್ಕೆ ಹತ್ತು ಜನ ಹೆಗಲು ಕೊಡುವ ಮಾತು ಈ ಸೀಮೆಗೆ ಬಿಡಿಸಿ ಹೇಳಬೇಕಾದುದಲ್ಲ.

ಆದರೂ ಹೊಸಬನಿಗೆ ಭಾರವೆನಿಸುವ ಎರಡು ಎಡೆಗಳಿವೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರಕ್ಕೆ ಐದು ವರ್ಷಗಳ ಕಡ್ಡಾಯ ವಿಮೆಯನ್ನು ಒಮ್ಮೆಗೇ ಕೊಳ್ಳಬೇಕು. 2022ರ ಪಟ್ಟಿಯಲ್ಲಿ 150 ಸಿ.ಸಿ.ವರೆಗಿನ ಬಂಡಿಗೆ ಅದು 3,851 ರೂಪಾಯಿ. ಇನ್ನೊಂದು, ಪರಿಹಾರ ಕೇಳದ ಸವಾರನಿಗೆ ಸ್ವಂತ ಹಾನಿಯ ಕಂತಿನಲ್ಲಿ ಸಿಗುವ ರಿಯಾಯಿತಿ. ಅದು ಮೊದಲ ವರ್ಷ ಇಲ್ಲ. ವರ್ಷ ಕಳೆದರೆ ನೂರಕ್ಕೆ 20, ಸತತ ಐದು ವರ್ಷಕ್ಕೆ 50.

ಐದು ವರ್ಷ ಮುಗಿದ ಮೇಲೆ ಪುನಃ ವಿಮೆ ಮಾಡಿಸದೆ ಬಿಡುವ ಮನೆಯವರು ಒಂದು ಮಾತನ್ನು ನೆನೆಯಬೇಕು. ಬೆಟಗೇರಿಯ ನೇಕಾರನೊಬ್ಬ ರಸ್ತೆ ದಾಟುವಾಗ ಆ ಬಂಡಿ ಬಡಿದು ಕಾಲು ಕಳೆದುಕೊಂಡನೆನ್ನಿ. ನ್ಯಾಯಮಂಡಳಿ ವಿಧಿಸಿದ ಪರಿಹಾರವನ್ನು ಕೊಡಬೇಕಾದವನು ಬಂಡಿಯ ಮಾಲೀಕ, ಬಹುಮಟ್ಟಿಗೆ ಹುಡುಗನ ತಂದೆ. ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು 1988ರ ಕಾಯಿದೆಯಲ್ಲಿ ಅವಕಾಶವಿದೆ. ತಂದೆಯ ಬಳಿ ವಸೂಲಿಗೆ ಏನೂ ಸಿಗದಿದ್ದರೆ, ನೇಕಾರನ ಮಗ್ಗ ನಿಂತೇ ಇರುತ್ತದೆ.