ತೊಪ್ಪೂರು ಕದನ

ವಿಜಯನಗರದ ಅರವೀಡು ಮನೆತನದ ಉತ್ತರಾಧಿಕಾರ ಕಲಹದಲ್ಲಿ (1614–17) ನಡೆದ ನಿರ್ಣಾಯಕ ಯುದ್ಧ. ಬೆಂಗಳೂರು–ಸೇಲಂ ಹೆದ್ದಾರಿಯಲ್ಲಿ, ಧರ್ಮಪುರಿ ಜಿಲ್ಲೆಯ ನಲ್ಲಂಪಳ್ಳಿ ಬಳಿಯ ತೊಪ್ಪೂರು ಕಣಿವೆ ಹೆಸರಾದದ್ದು. ಹೆಸರು ಒಂದೇ ಆದ್ದರಿಂದ ಕಾಳಗವೂ ಅಲ್ಲೇ ನಡೆಯಿತೆಂದು ತಿಳಿಯುವುದು ಸುಲಭ. ಆದರೆ ತಂಜಾವೂರಿನ ಆಸ್ಥಾನಕಾವ್ಯಗಳು ಹೇಳುವುದು ಕಾವೇರಿ ದಂಡೆಯ, ಕಲ್ಲಣೆ ಬಳಿಯ ತೊಪ್ಪೂರನ್ನು. 1616ರ ಡಿಸೆಂಬರ್ 12ರಂದು ಪತ್ರ ಬರೆದ ಪೋರ್ಚುಗೀಸ್ ಪಾದ್ರಿ ಬರಾಡಸ್ ಕೂಡ ಸೇನೆಗಳು ತಿರುಚಿರಾಪಳ್ಳಿಯ ಬಯಲಲ್ಲಿ ಜಮಾಯಿಸಿವೆ ಎನ್ನುತ್ತಾನೆ. ಮಧುರೆ, ತಂಜಾವೂರುಗಳ ದಂಡು ಬೆಟ್ಟದ ಕಣಿವೆ ಹತ್ತಿ ಬರಲು ಕಾರಣವೂ ಇರಲಿಲ್ಲ. ಬರಾಡಸ್ ಹೇಳುವ ಹತ್ತು ಲಕ್ಷ ಸೈನಿಕರ ಲೆಕ್ಕವನ್ನು ಮಾತ್ರ ನಂಬಬೇಕಿಲ್ಲ.

ಹೆಸರಿನ ಗೊಂದಲ ಇನ್ನೊಂದಿದೆ. ಬಂಡಾಯವೆಬ್ಬಿಸಿದವನು ಗೊಬ್ಬೂರಿ ಜಗ್ಗರಾಯ, ದೊರೆ ವೆಂಕಟಪತಿರಾಯನ ರಾಣಿಯ ತವರಿನವನು. ಧರ್ಮಪುರಿ ಸುತ್ತಲಿನ ಬಾರಾಮಹಲನ್ನು ಆಳಿದ ಚನ್ನಪಟ್ಟಣದ ಜಗದೇವರಾಯ ಬೇರೆ. 1589ರ ಸುಮಾರಿಗೆ ಪೆನುಕೊಂಡೆಯನ್ನು ಕಾಪಾಡಿ ಗಡಿಸೀಮೆಯನ್ನು ಪಡೆದವನು ಈತ.

1614ರಲ್ಲಿ ವೆಂಕಟಪತಿರಾಯ ತೀರಿಕೊಂಡ. ಅವನು ಆರಿಸಿದ್ದ ಶ್ರೀರಂಗನನ್ನು ಜಗ್ಗರಾಯ ಸಂಸಾರ ಸಮೇತ ಕೊಲ್ಲಿಸಿದ. ಆ ಸಂಸಾರದಲ್ಲಿ ಉಳಿದವನು ಬಾಲಕ ರಾಮದೇವ. ಒಬ್ಬ ಅಗಸನ ನೆರವಿನಿಂದ ವೆಲುಗೋಟಿ ಯಾಚಮ ನಾಯಕ ಅವನನ್ನು ಕೋಟೆಯಿಂದ ಹೊರಗೆ ಸಾಗಿಸಿದನೆಂದು ಬರಾಡಸ್ ಬರೆಯುತ್ತಾನೆ. ಮಧುರೆಯ ಮುತ್ತು ವೀರಪ್ಪನೂ ಜಿಂಜಿಯ ಕೃಷ್ಣಪ್ಪನೂ ಜಗ್ಗರಾಯನ ಕಡೆ ನಿಂತರು. ತಂಜಾವೂರಿನ ರಘುನಾಥ ಬಾಲಕನ ಪಕ್ಷ ಹಿಡಿದ. ಹೀಗೆ ಸಾಮ್ರಾಜ್ಯದ ಸಾಮಂತರೇ ಎರಡಾದರು. ಕಾಳಗದಲ್ಲಿ ಜಗ್ಗರಾಯ ಸತ್ತ.

ಚರಿತ್ರೆಯ ಪುಸ್ತಕಗಳು ಬೇಗ ದಾಟಿಬಿಡುವ ಸಂಗತಿ ಮುಂದಿನದು. ಪಟ್ಟವೇರಿದ ರಾಮದೇವ ಶಾಂತಿಗಾಗಿ ಜಗ್ಗರಾಯನ ತಮ್ಮ ಎತಿರಾಜನ ಮಗಳನ್ನೇ ಮದುವೆಯಾದ. ಹಗೆಯ ಮನೆಗೆ ಅಳಿಯನಾದ ದೊರೆಯನ್ನು ಒಪ್ಪಲು ಯಾಚಮನಿಗೆ ಆಗಲಿಲ್ಲ. ತಾನು ಉಳಿಸಿದ ಹುಡುಗನ ವಿರುದ್ಧವೇ ಅವನು ನಿಲ್ಲಬೇಕಾಯಿತು. ಇದನ್ನು ದ್ರೋಹವೆನ್ನುವುದಕ್ಕಿಂತ, ಅವನ ನಿಷ್ಠೆ ಇದ್ದಲ್ಲೇ ಇದ್ದು ಅರಮನೆಯೇ ಅತ್ತ ಸರಿಯಿತೆನ್ನುವುದು ಸರಿಯಾದೀತು.

ಈ ಕಲಹದ ಲಾಭ ಮೈಸೂರಿಗೂ ಸಿಕ್ಕಿತು. ರಾಜ ಒಡೆಯರು 1610ರಲ್ಲೇ ಶ್ರೀರಂಗಪಟ್ಟಣ ಹಿಡಿದಿದ್ದರು. 1630ರಲ್ಲಿ ಜಗದೇವರಾಯನ ಮನೆತನದ ಚನ್ನಪಟ್ಟಣವೂ ಮೈಸೂರಿನದಾಯಿತು. ನಲ್ಲಂಪಳ್ಳಿ ಸುತ್ತಲಿನ ಧರ್ಮಪುರಿ ಸೀಮೆ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಅದೇ ದಾರಿ ಹಿಡಿಯಿತು.