ಹಲವು ನುಡಿ, ಒಂದು ಶ್ರುತಿ: ಭಾರತದ ಬಹುಭಾಷಾ ವೃಂದಗಾನದ ಚರಿತ್ರೆ

ನಮ್ಮ ಸಂಗೀತ ಚರಿತ್ರೆಯ ಗ್ರಂಥಗಳು ಬಹುಮಟ್ಟಿಗೆ ಒಂಟಿ ಕಂಠದ ಚರಿತ್ರೆಗಳು. ಘರಾನೆ, ಬಾನಿ, ಗುರುಪರಂಪರೆ ಎಲ್ಲವೂ ಒಬ್ಬ ಗಾಯಕನ ಸುತ್ತ ಹೆಣೆದುಕೊಂಡಿವೆ. ಗುಂಪಾಗಿ ಹಾಡುವ ರೂಢಿಯೇನೂ ನಮಗೆ ಹೊಸದಲ್ಲ. ಭಜನಾ ಮಂಡಳಿ, ಸೋಬಾನೆ, ಕೋಲಾಟ, ತತ್ವಪದದ ಬೈಠಕ್ಕು ಎಲ್ಲದರಲ್ಲೂ ಸೊಲ್ಲಿಗೆ ಸೊಲ್ಲು ಸೇರಿಸುವವರಿದ್ದರು. ಆದರೆ ಅಲ್ಲಿ ಕೂಡುತ್ತಿದ್ದವರು ಒಂದೇ ಊರಿನವರು, ಒಂದೇ ಭಾಷೆಯವರು, ಬಹಳ ಸಲ ಒಂದೇ ಕೇರಿಯವರು. ಬೇರೆ ಬೇರೆ ಭಾಷೆ ಮತ್ತು ಮತಗಳ ಜನ ಉದ್ದೇಶಪೂರ್ವಕವಾಗಿ ಒಟ್ಟುಗೂಡಿ, ಪರಸ್ಪರರ ಹಾಡುಗಳನ್ನು ಕಲಿತು ಹಾಡುವ ಲೌಕಿಕ ವೃಂದಗಾನ ಇಪ್ಪತ್ತನೆಯ ಶತಮಾನದ ನಡುಭಾಗದ ಸೃಷ್ಟಿ. ಅದರ ಬೇರು ಸಂಗೀತ ಸಭೆಗಳಲ್ಲಿಲ್ಲ, ರಾಜಕೀಯ ಚಳವಳಿಯಲ್ಲಿದೆ.

ಈ ಕಥೆಯ ಮೊದಲ ಕೊಂಡಿ ಬೆಂಗಳೂರಿನದು. ಸಿಂಹಳದಿಂದ ಬಂದ ಅನಿಲ್ ಡಿ ಸಿಲ್ವಾ ಎಂಬ ಮಹಿಳೆ 1941ರಲ್ಲಿ ಇಲ್ಲಿ ಜನತಾ ರಂಗಭೂಮಿಯ ಒಂದು ಗುಂಪನ್ನು ಕಟ್ಟಿದರು. ಅಂಥ ಪ್ರಯತ್ನಗಳು ಒಟ್ಟಾಗಿ 1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ‘ಇಪ್ಟಾ’, ಅಂದರೆ ಭಾರತೀಯ ಜನತಾ ರಂಗಭೂಮಿ ಸಂಘ, ಅಸ್ತಿತ್ವಕ್ಕೆ ಬಂತು. ಅದು ಬಂಗಾಳದ ಕ್ಷಾಮದ ವರ್ಷ. ಬಿನಯ್ ರಾಯ್ ಅವರ ಬಂಗಾಳಿ ಗಾಯನ ತಂಡ ಕ್ಷಾಮಪೀಡಿತರಿಗಾಗಿ ನಿಧಿ ಸಂಗ್ರಹಿಸುತ್ತ ಉತ್ತರ ಭಾರತವನ್ನು ಸುತ್ತಿತು. ಬಂಗಾಳದ ಹಸಿವನ್ನು ಬಂಗಾಳಿಯಲ್ಲಷ್ಟೇ ಹಾಡಿದರೆ ಪಂಜಾಬಿನ ರೈತನಿಗೆ ಏನು ತಿಳಿದೀತು? ಉರ್ದು ಕವಿ ವಾಮಿಕ್ ಜೌನ್‌ಪುರಿ ಕ್ಷಾಮವನ್ನು ಕುರಿತು ಬರೆದ ಕವಿತೆ ಆ ಹೊತ್ತಿನ ಹಾಡಾಗಿ ಪ್ರಾಂತದಿಂದ ಪ್ರಾಂತಕ್ಕೆ ಹರಡಿತು. ಇನ್ನೊಬ್ಬರ ಭಾಷೆಯಲ್ಲಿ ತಮ್ಮ ದುಃಖವನ್ನು ಹಾಡಬೇಕಾದ ಈ ಅನಿವಾರ್ಯವೇ ಬಹುಭಾಷಾ ವೃಂದಗಾನದ ನಿಜವಾದ ಆರಂಭ ಎಂದು ನಾನು ತಿಳಿಯುತ್ತೇನೆ.

ಮುಂದೆ ಇಪ್ಟಾದ ಕೇಂದ್ರ ತಂಡ ಮುಂಬಯಿಯ ಅಂಧೇರಿಯಲ್ಲಿ ನೆಲೆನಿಂತಿತು. ಹಲವು ಪ್ರಾಂತಗಳ ಕಲಾವಿದರು ಅಲ್ಲಿ ಒಂದೇ ಸೂರಿನಡಿ ಉಂಡು, ಮಲಗಿ, ತಾಲೀಮು ನಡೆಸಿದರು. ಇಕ್ಬಾಲರ ‘ಸಾರೇ ಜಹಾಂ ಸೇ ಅಚ್ಛಾ’ ಗೀತೆಗೆ ಇಂದು ಎಲ್ಲೆಡೆ ಕೇಳುವ ಧಾಟಿಯನ್ನು ತರುಣ ರವಿಶಂಕರ್ ಹಾಕಿದ್ದು 1945ರಲ್ಲಿ, ಇಪ್ಟಾದ ಒಡನಾಟದ ದಿನಗಳಲ್ಲೇ. ತರಬೇತಿಯಿಲ್ಲದ ನೂರು ಜನ ಕೂಡಿ ಹಾಡಿದರೂ ಆ ಧಾಟಿ ಕೆಡುವುದಿಲ್ಲ. ಇದನ್ನು ಸಣ್ಣ ಸಾಧನೆಯೆಂದು ಬದಿಗಿಡುವಂತಿಲ್ಲ.

ಸ್ವಾತಂತ್ರ್ಯಾನಂತರ ಇಪ್ಟಾ ಸೊರಗಿತು; ಅದರ ಗಾಯಕರು ಬೇರೆ ರೂಪಗಳನ್ನು ಹುಡುಕಿಕೊಂಡರು. ಸಲಿಲ್ ಚೌಧರಿ 1950ರ ದಶಕದಲ್ಲಿ ಬಾಂಬೆ ಯೂತ್ ಕಾಯರ್ ಕಟ್ಟಿದರು. 1958ರಲ್ಲಿ ರುಮಾ ಗುಹಾ ಠಾಕುರ್ತಾ ಕಲ್ಕತ್ತಾ ಯೂತ್ ಕಾಯರ್ ಆರಂಭಿಸಿದಾಗ ಸಲಿಲ್ ಚೌಧರಿ, ಸತ್ಯಜಿತ್ ರಾಯ್ ಜೊತೆಗಿದ್ದರು. ಸಲಿಲರ ಬಾಲ್ಯ ಕಳೆದದ್ದು ಅಸ್ಸಾಮಿನ ಚಹಾತೋಟದಲ್ಲಿ. ವೈದ್ಯರಾಗಿದ್ದ ತಂದೆಯ ಬಳಿಯಿದ್ದ ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳು ಒಂದು ಕಿವಿಗೆ, ತೋಟದ ಕೂಲಿಗಳ ಹಾಡು ಇನ್ನೊಂದು ಕಿವಿಗೆ ಬೀಳುತ್ತ ಅವರು ಬೆಳೆದರು. ನಮ್ಮ ರಾಗ ಒಂದೇ ಗೆರೆಯಲ್ಲಿ ಸಾಗುತ್ತದೆ. ಪಾಶ್ಚಾತ್ಯ ಹಾರ್ಮನಿ ಒಂದೇ ಕ್ಷಣದಲ್ಲಿ ಬೇರೆ ಬೇರೆ ಸ್ವರಗಳನ್ನು ಪೇರಿಸುತ್ತದೆ. ಗಮಕವೇ ಜೀವಾಳವಾದ ಕೃತಿಗೆ ಹಾರ್ಮನಿ ಹೊದಿಸಿದರೆ ಎರಡೂ ಹಾಳು. ಜನಪದ ಧಾಟಿ ಹಾಗಲ್ಲ, ಅದಕ್ಕೆ ಮೈಯೊಡ್ಡುವ ಸಡಿಲತೆಯಿದೆ. ಭಾರತೀಯ ವೃಂದಗಾನ ಜನಪದ ಧಾಟಿಗಳನ್ನು ಅಷ್ಟಾಗಿ ನೆಚ್ಚಿಕೊಂಡದ್ದರ ಹಿಂದೆ ಸಿದ್ಧಾಂತದಷ್ಟೇ ಈ ಸಂಗೀತದ ಕಾರಣವೂ ಇದೆ.

ಹಾಡಿಗೆ ಒದಗಿದ ಅತ್ಯಂತ ಕಠಿಣ ಪರೀಕ್ಷೆ 1960ರ ಅಸ್ಸಾಮಿನದು. ಅಸ್ಸಾಮಿಯನ್ನು ರಾಜ್ಯಭಾಷೆ ಮಾಡುವ ವಿಚಾರದಲ್ಲಿ ಅಸ್ಸಾಮಿಗರಿಗೂ ಬಂಗಾಳಿಗಳಿಗೂ ನಡುವೆ ಗಲಭೆಗಳಾದವು, ಮನೆಗಳು ಸುಟ್ಟವು, ಸಹಸ್ರಾರು ಜನ ಊರು ಬಿಟ್ಟರು. ಆಗ ಸಿಲ್ಹೆಟ್ ಮೂಲದ ಬಂಗಾಳಿ ಹೇಮಾಂಗ ಬಿಸ್ವಾಸ್ ಮತ್ತು ಅಸ್ಸಾಮಿ ಗಾಯಕ ಭೂಪೇನ್ ಹಜಾರಿಕಾ ಎರಡೂ ಭಾಷೆಯ ಕಲಾವಿದರ ತಂಡ ಕಟ್ಟಿಕೊಂಡು ಗಲಭೆಪೀಡಿತ ಪ್ರದೇಶಗಳಲ್ಲಿ ಹಾಡುತ್ತ ಹೋದರು. ಅವರು ಹಾಡಿದ ಹಾರಾಧನ ಮತ್ತು ರಂಗಮನರ ಕಥನಗೀತೆಯಲ್ಲಿ ಒಬ್ಬ ಬಂಗಾಳಿ ರೈತ, ಇನ್ನೊಬ್ಬ ಅಸ್ಸಾಮಿ ರೈತ. ಒಬ್ಬೊಬ್ಬನೂ ತನ್ನ ತನ್ನ ಭಾಷೆಯಲ್ಲೇ ಹಾಡುತ್ತಾನೆ. ಯಾರೂ ತಮ್ಮ ಭಾಷೆಯನ್ನು ಬಿಟ್ಟುಕೊಡಬೇಕಿಲ್ಲ ಎಂಬ ನಿಲುವು ಆ ಹಾಡಿನ ರಚನೆಯೊಳಗೇ ಇತ್ತು. ಆ ಪ್ರವಾಸದಿಂದ ಭಾಷಾಕಲಹವೇನೂ ಬಗೆಹರಿಯಲಿಲ್ಲ. ಮರುವರ್ಷ, 1961ರ ಮೇ 19ರಂದು ಸಿಲ್ಚರ್‌ನಲ್ಲಿ ಬಂಗಾಳಿ ಭಾಷಾ ಹೋರಾಟಗಾರರ ಮೇಲೆ ಪೊಲೀಸರು ಗುಂಡು ಹಾರಿಸಿ 11 ಜನ ಸತ್ತರು. ಹಾಗೆಂದು ಆ ತಂಡದ ಪ್ರವಾಸವನ್ನು ವ್ಯರ್ಥವೆನ್ನುವವರನ್ನು ನಾನು ಒಪ್ಪಲಾರೆ. ಎರಡು ಕಡೆಯವರು ಎದುರುಬದುರು ನಿಲ್ಲುವುದೇ ಅಪಾಯವಾಗಿದ್ದ ದಿನಗಳಲ್ಲಿ ಅವರು ಒಂದೇ ವೇದಿಕೆಯಲ್ಲಿ ಪಕ್ಕಪಕ್ಕ ನಿಂತರು. ಕಾನೂನಾಗಲಿ ಪೊಲೀಸರಾಗಲಿ ಮಾಡಲಾಗದ್ದು ಅದು.

ದಕ್ಷಿಣದಲ್ಲಿ ಈ ಪರಂಪರೆಗೆ ಗಟ್ಟಿ ನೆಲೆ ಕೊಟ್ಟವರು ಎಂ.ಬಿ. ಶ್ರೀನಿವಾಸನ್ (1925–1988). ಚಿತ್ತೂರಿನಲ್ಲಿ ಹುಟ್ಟಿ, ವಿದ್ಯಾರ್ಥಿ ದಿನಗಳಲ್ಲೇ ಎಡಪಂಥೀಯ ಚಳವಳಿ ಸೇರಿದವರು. ಸ್ವಾತಂತ್ರ್ಯ ಹೋರಾಟಗಾರ ಸೈಫುದ್ದೀನ್ ಕಿಚ್ಲು ಅವರ ಮಗಳು ಜಾಹಿದಾ ಅವರ ಪತ್ನಿ. ಮಲಯಾಳಂ ಸಿನಿಮಾಗಳಿಗೆ ಸಂಗೀತ ನೀಡಿ ಹೆಸರಾದ ಅವರು ಮದರಾಸಿನ ಸಿನಿಮಾ ವಾದ್ಯಗಾರರ ಸಂಘಟನೆಯನ್ನೂ ಕಟ್ಟಿದರು. 1970ರ ದಶಕದ ಆರಂಭದಲ್ಲಿ ಅವರು ಸ್ಥಾಪಿಸಿದ ಮದ್ರಾಸ್ ಯೂತ್ ಕಾಯರ್‌ಗೆ ಬಂದವರು ವೃತ್ತಿಗಾಯಕರಲ್ಲ, ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ತಾಲೀಮಿಗೆ ಬರುವ ಸಾಮಾನ್ಯರು. ಭಾರತಿಯಾರರ ಗೀತೆಗಳ ಪಕ್ಕದಲ್ಲೇ ಬೇರೆ ಭಾಷೆಗಳ ಹಾಡುಗಳನ್ನೂ ಅವರು ಕಲಿಸಿದರು. ಪರಭಾಷೆಯ ಒಂದು ಪಲ್ಲವಿಯನ್ನು ಸರಿಯಾಗಿ ಉಚ್ಚರಿಸಲು ಪಡುವ ಪಾಡಿನಲ್ಲಿ ಆ ಭಾಷೆಯವರ ಬಗ್ಗೆ ಗೌರವ ತಾನಾಗಿ ಹುಟ್ಟುತ್ತದೆ. ವೃಂದಗಾನದ ಫಲ ವೇದಿಕೆಗಿಂತ ಹೆಚ್ಚಾಗಿ ತಾಲೀಮಿನಲ್ಲಿದೆ ಎಂಬ ನನ್ನ ವಾದಕ್ಕೆ ಈ ಗುಂಪಿನ ಚರಿತ್ರೆಯೇ ಆಧಾರ. ಶ್ರೀನಿವಾಸನ್ ತೀರಿಕೊಂಡದ್ದು 1988ರ ಮಾರ್ಚ್ 9ರಂದು ಲಕ್ಷದ್ವೀಪದಲ್ಲಿ. ಸಮೂಹಗಾನದ ಕೆಲಸಕ್ಕೆಂದೇ ಅವರು ಅಲ್ಲಿಗೆ ಹೋಗಿದ್ದರು.

ಅದೇ ವರ್ಷದ ಆಗಸ್ಟ್ 15ರಂದು ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಮೊದಲ ಬಾರಿ ಪ್ರಸಾರವಾಯಿತು. ಭೀಮಸೇನ ಜೋಶಿಯವರ ಕಂಠದಿಂದ ಆರಂಭವಾಗುವ ಆ ಗೀತೆಯಲ್ಲಿ ಕನ್ನಡದ ಸಾಲೂ ಇತ್ತು. ಅದನ್ನು ಕೇಳಿ ಪುಳಕಗೊಳ್ಳದವರು ಕಡಿಮೆ. ಆದರೂ ಅದು ಕೇಳುಗರ ಹಾಡು. ಒಬ್ಬೊಬ್ಬರೂ ತಮ್ಮ ಭಾಷೆಯ ತುಣುಕನ್ನು ಹಾಡಿ ಸರಿಯುತ್ತಾರೆ. ಮತ್ತೊಬ್ಬರ ತುಣುಕನ್ನು ಕಲಿಯುವ ಕಷ್ಟ ಅಲ್ಲಿಲ್ಲ.

ಆ ಕಷ್ಟವನ್ನು ಜೀವನವಿಡೀ ಜನರಿಗೆ ಹಚ್ಚಿದವರು ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ (1929–2021), ಎಲ್ಲರ ‘ಭಾಯೀಜಿ’. 1942ರ ಚಳವಳಿಯಲ್ಲಿ 13ನೆಯ ವಯಸ್ಸಿಗೇ ಬಂಧನಕ್ಕೊಳಗಾದ ಅವರು ಮುಂದೆ ಚಂಬಲ್ ಕಣಿವೆಯ ಜೌರಾದಲ್ಲಿ ಗಾಂಧಿ ಆಶ್ರಮ ಕಟ್ಟಿದರು. 1972ರಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಡಕಾಯಿತರು ಶರಣಾದ ಘಟನೆಯ ಹಿಂದೆ ಅವರ ದುಡಿಮೆಯೂ ಇತ್ತು. ಅವರ ಯುವಶಿಬಿರಗಳಲ್ಲಿ ಹಾಡೇ ಮುಖ್ಯ ಪಾಠ. ‘ಭಾರತ್ ಕೀ ಸಂತಾನ್’ ಎಂಬ ರೂಪಕದಲ್ಲಿ ಶಿಬಿರಾರ್ಥಿಗಳು 18 ಭಾಷೆಗಳಲ್ಲಿ ಹಾಡುತ್ತಿದ್ದರು.

ಆಕಾಶವಾಣಿಯ ಸಮೂಹಗಾನದಲ್ಲಿ, ಶಾಲೆಗಳ ಗಾಯನ ತರಬೇತಿಯಲ್ಲಿ, ಭಾಯೀಜಿಯವರ ಶಿಬಿರಗಳಲ್ಲಿ ದನಿಗೂಡಿಸಿದ ಹಿರಿಯರು ಕರ್ನಾಟಕದ ಊರೂರಲ್ಲಿ ಇನ್ನೂ ಇದ್ದಾರೆ. ಅವರು ಕಲಿತ ಪರಭಾಷೆಯ ಹಾಡುಗಳು, ಕೈಬರಹದ ಹಾಡಿನ ಪುಸ್ತಕಗಳು, ತಾಲೀಮಿನ ನೆನಪುಗಳು ಈ ಚರಿತ್ರೆಯ ಮೂಲ ಆಕರಗಳು. ನಮ್ಮ ವಿಶ್ವವಿದ್ಯಾಲಯಗಳ ಸಂಗೀತ ಹಾಗೂ ಜಾನಪದ ವಿಭಾಗಗಳು ಆ ಹಿರಿಯರ ದನಿ ಇರುವಾಗಲೇ ಅವರ ಬಳಿಗೆ ಹೋಗಿ ಇವನ್ನೆಲ್ಲ ದಾಖಲಿಸಬೇಕು.