ಬೆಣ್ಣೆಚಾವಡಿಯ ಹುಲ್ಲುಗಾವಲು

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯ ಮಗ್ಗುಲಲ್ಲಿ, 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನವೊಂದುಂಟು. ತಾಯಿತಂದೆಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನಗಳನ್ನು ಬೋಧಿಸುವ ಅದರ ಧರ್ಮವಾಕ್ಯಗಳನ್ನು ಅನೇಕರು ಬಲ್ಲರು. ನನ್ನ ಮನಸ್ಸು ನಿಲ್ಲುವುದು ಮಾತ್ರ ಅದರ ಮೇಲ್ವಿಳಾಸದಲ್ಲಿ. ಸುವರ್ಣಗಿರಿಯ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ, ಆಮೇಲೆ ಅಪ್ಪಣೆಯನ್ನು ಅರುಹುತ್ತಾರೆ. ಅದನ್ನು ಬಂಡೆಯ ಮೇಲೆ ಬರೆದ ಚಪಡನೆಂಬ ಲಿಪಿಕಾರನು ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು ಮುಗಿಸಿ, ತನ್ನ ವೃತ್ತಿಯನ್ನು ಹೇಳುವ ಕಡೆಯ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಅಪ್ಪಣೆ ದೂರದಲ್ಲಿ ಹುಟ್ಟಿ, ಇಲ್ಲಿಯವರಿಗೆ ಅರ್ಥವಾಗದ ಅಂಕಿತದೊಡನೆ ಇಲ್ಲಿಗೆ ಬಂದು ಸೇರುವ ಪದ್ಧತಿಗೆ ಇಲ್ಲಿ ಇಷ್ಟು ಹಳೆಯ ಸಾಕ್ಷಿಯಿದೆ.

ಈ ಸೀಮೆಯ ಚಳ್ಳಕೆರೆ, ಮೊಳಕಾಲ್ಮೂರುಗಳು ಕರ್ನಾಟಕದಲ್ಲಿಯೇ ಅತ್ಯಲ್ಪ ಮಳೆಯನ್ನು ಕಾಣುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಮಳೆ ಕಡಿಮೆಯಾದಲ್ಲಿ ಪೈರಿಗಿಂತ ಹುಲ್ಲು ನಂಬಿಕೆಯದು. ಆದುದರಿಂದ ಇಲ್ಲಿನ ಐಶ್ವರ್ಯವು ಕಾಲ ಮೇಲೆ ನಡೆದಾಡುವ ಐಶ್ವರ್ಯವಾಯಿತು. ಮ್ಯಾಸಬೇಡರು ತಮ್ಮ ದೇವರ ಎತ್ತುಗಳನ್ನು ಗಾಡಿಗೂ ನೇಗಿಲಿಗೂ ಕಟ್ಟದೆ, ಕಿಲಾರಿಗಳ ಕಾಪಿನಲ್ಲಿ ಬಿಟ್ಟು ಪೂಜಿಸಿದರು. ಕಾಡುಗೊಲ್ಲರು ಹಟ್ಟಿಗಳಲ್ಲಿ ದನಕುರಿಗಳನ್ನು ಬೆಳೆಸಿದರು. ಈ ಹುಲ್ಲಿನ ಮೇಲೆ ಅರಸರ ಕಣ್ಣು ಬಿದ್ದುದು ಸಹಜವೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆಗಳನ್ನೊದಗಿಸುವುದಕ್ಕಾಗಿ ಏರ್ಪಟ್ಟ ಬೆಣ್ಣೆಚಾವಡಿಯ ದನಗಳನ್ನು ಹೈದರನು ದಂಡಿನ ಭಾರ ಎಳೆಯುವುದಕ್ಕೆ ಹಚ್ಚಿದನು. ಟಿಪ್ಪುವು ಆ ಇಲಾಖೆಗೆ ಅಮೃತಮಹಲೆಂದು ಹೆಸರಿಟ್ಟು ಕಟ್ಟಳೆಗಳನ್ನು ವಿಧಿಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಈ ತಳಿಯ ಎತ್ತುಗಳು, ತಾವು ಯಾರ ವಿರುದ್ಧ ತೋಪುಗಳನ್ನೆಳೆದಿದ್ದುವೋ ಅವರ ತೋಪುಗಳನ್ನೇ ಎಳೆಯತೊಡಗಿದವು. 1860ರಲ್ಲಿ ಮದರಾಸಿನ ಆಡಳಿತವು ವೆಚ್ಚದ ಲೆಕ್ಕ ನೋಡಿ ಹಿಂಡನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ, ಸೈನ್ಯಕ್ಕೆ ತಕ್ಕ ಎತ್ತುಗಳು ಸಿಕ್ಕದೆ, ಮತ್ತೆ ಕಟ್ಟಬೇಕಾಯಿತು. ಲೆಕ್ಕಪತ್ರದ ಜಾಣತನಕ್ಕೆ ಹುಲ್ಲು ಕಲಿಸಿದ ಪಾಠ ಇದು ಎನ್ನಬಹುದು.

ಅಮೃತಮಹಲಿನ ದನಗಳು ಋತುಮಾನಕ್ಕನುಸಾರವಾಗಿ ಕಾವಲೆಂಬ ಒಂದು ಮೀಸಲು ಹುಲ್ಲುಗಾವಲಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಮೈಸೂರು ಸಂಸ್ಥಾನದಲ್ಲಿ ಇಂಥ ಕಾವಲುಗಳ ವಿಸ್ತಾರ ಒಂದು ಕಾಲಕ್ಕೆ 4 ಲಕ್ಷ ಎಕರೆಗಳಷ್ಟಿತ್ತು. ಕಾವಲು ಸರ್ಕಾರದ್ದೇ ಆದರೂ, ಸುತ್ತಣ ಹಳ್ಳಿಗಳ ಕುರಿಗಳು ಅದರಲ್ಲಿ ಮೇಯುತ್ತಿದ್ದವೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಕುರಿಯ ಕರಿಯ ತುಪ್ಪಟವನ್ನು ಕತ್ತರಿಸಿ, ಹಿಂಜಿ, ಹೆಂಗಸರು ನೂತು, ಕುರುಬರು ನೇಯ್ದು, ಹುಣಸೆಬೀಜದ ಗಂಜಿಯುಣಿಸಿ ಬಿಗಿಗೊಳಿಸಿದ ಚಳ್ಳಕೆರೆಯ ಕಂಬಳಿಯು ದೂರದೂರದ ಸಂತೆಗಳಿಗೆ ಹೋಯಿತು. ಮಳೆಗೆ ಕೊಪ್ಪೆಯಾಗಿ, ಚಳಿಗೆ ಹೊದಿಕೆಯಾಗಿ, ಮದುವೆಯಲ್ಲಿ ಹಸೆಯಾಗಿ, ದೇವರ ಮುಂದೆ ಗದ್ದುಗೆಯಾಗಿ ಅದು ಸಂದಿತು. ಇಷ್ಟು ದೊಡ್ಡ ಕಸುಬಿಗೆ ಮೂಲಧನವಾಗಿದ್ದುದು, ಯಾರ ಖಾತೆಗೂ ಸೇರದ ಹುಲ್ಲು.

ಇನ್ನು ನೀರಿನ ಮಾತು. ರೈಸರು ಬಂಡೆಯ ಅಕ್ಷರಗಳನ್ನು ಕಂಡ ಅದೇ 1892ರಲ್ಲಿ ಮದರಾಸು ಮತ್ತು ಮೈಸೂರುಗಳ ನಡುವೆ ನದೀಜಲದ ಒಪ್ಪಂದವಾಯಿತು. ಗೊತ್ತುಪಡಿಸಿದ ನದಿಗಳಿಗೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಕಟ್ಟೆ ಕಟ್ಟಕೂಡದೆಂಬುದು ಅದರ ಸಾರ. ಹಗರಿಯೆಂದು ಕರೆಯುವ ವೇದಾವತಿಯೂ ಆ ಪಟ್ಟಿಯಲ್ಲಿತ್ತು. ಆ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ತಿಯಾದ ಮಾರಿಕಣಿವೆಯ ಜಲಾಶಯವು ಮುಖ್ಯವಾಗಿ ಹಿರಿಯೂರು ಸೀಮೆಯನ್ನು ತಣಿಸಿತು. ಕೆಳಗಣ ಚಳ್ಳಕೆರೆಗೆ ನದಿಯ ಮರಳು ಉಳಿಯಿತು.

ಮೊಳಕಾಲ್ಮೂರಿನ ಪಾಡು ಗಡಿಯ ಪಾಡು. ಮೊದಲು ಅದು ಮೈಸೂರು ಮದರಾಸುಗಳ ಗಡಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ರಾಯದುರ್ಗವು ಆಂಧ್ರಕ್ಕೂ ಬಳ್ಳಾರಿಯು ಮೈಸೂರಿಗೂ ಸೇರಿದ ಮೇಲೆ, ಬಳ್ಳಾರಿ ಕಡೆಯ ಬಯಲಿನವರಿಗೂ ರಾಯದುರ್ಗದ ಪೇಟೆ ಪರರಾಜ್ಯವಾಯಿತು. ಮೊಳಕಾಲ್ಮೂರಿನ ರೇಷ್ಮೆಸೀರೆಯ ಸೊಗಸೂ ಅದರ ಅಂಚಿನಲ್ಲಿಯೇ ಇದೆ. ಮೈಗೊಂದು, ಎರಡಂಚಿಗೆ ಎರಡು, ಹೀಗೆ ಮೂರು ಲಾಳಿ ಓಡಿದರೆ ಮಾತ್ರ ಒಡಲ ಬಣ್ಣವೂ ಅಂಚಿನ ಬಣ್ಣವೂ ಒಂದರೊಳಗೊಂದು ಕಲೆಯದೆ ನಿಲ್ಲುತ್ತವೆ. ರೇಷ್ಮೆ ತೆಂಕಣ ಮೈಸೂರಿನದು, ಜರಿ ಸೂರತ್ತಿನದು. ಊರಿನದೆಂದರೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವನ ಕೈ. 2011ರ ಹೊತ್ತಿಗೆ ಸೀರೆಗೆ ಭೌಗೋಳಿಕ ಗುರುತು ದೊರೆಯಿತು. ಗುರುತು ಹೆಸರನ್ನು ಕಾಯುತ್ತದೆ. ನೂಲು ಕೊಟ್ಟು ಕೂಲಿ ಕಟ್ಟುವ ಯಜಮಾನನಿಗೂ ನೇಕಾರನಿಗೂ ನಡುವಣ ಸಾಲದ ಲೆಕ್ಕ ಅದರ ವ್ಯಾಪ್ತಿಗೆ ಬರುವುದಿಲ್ಲ.

ಶೇಂಗಾದ ಕಥೆ ಇದಕ್ಕಿಂತ ಚಿಕ್ಕದು, ಆದರೆ ಕಟುವಾದುದು. ಬೆಂಗಾಡಿನ ಕೆಂಪುಮಣ್ಣಿಗೆ ಒಗ್ಗಿದ ಈ ಬೆಳೆಯಿಂದ ಚಳ್ಳಕೆರೆ ಎಣ್ಣೆನಗರಿಯಾಯಿತು. ಗಾಣಗಳ ಸಂಖ್ಯೆಯನ್ನೂ ವ್ಯಾಪಾರದ ಭರಾಟೆಯನ್ನೂ ಕಂಡ ಜನ ಅದನ್ನು ಎರಡನೆಯ ಮುಂಬಯಿಯೆಂದು ಕರೆದುಕೊಂಡರು. 1986ರಲ್ಲಿ ಎಣ್ಣೆಕಾಳುಗಳ ರಾಷ್ಟ್ರೀಯ ಅಭಿಯಾನವನ್ನು ಹೂಡಿದ ದಿಲ್ಲಿಯೇ, 1994ರಿಂದ ತಾಳೆಎಣ್ಣೆಯ ಆಮದಿಗೆ ಬಾಗಿಲು ತೆರೆದು, ನಾಲ್ಕೈದು ವರ್ಷಗಳಲ್ಲಿ ಸುಂಕವನ್ನು ಶೇಕಡ 65ರಿಂದ 15ಕ್ಕೆ ಇಳಿಸಿತು. ಪಟ್ಟಣದ ಬಡವನ ಬಾಣಲೆಗೆ ಅದು ಅಗ್ಗವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಬರದಿಂದ ಇಳುವರಿ ಕುಸಿದ ವರ್ಷ ಬೆಲೆಯಾದರೂ ಏರುವುದೆಂಬ ಹಳೆಯ ಸಮಾಧಾನ ರೈತನಿಗೆ ತಪ್ಪಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು.

ಮತ್ತೆ ಕಾವಲಿಗೆ ಬರೋಣ. 2009ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಭೂಮಿಯು ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಮಂದಿರ, ಇಸ್ರೋ ಮೊದಲಾದವಕ್ಕೆ ಹಂಚಿಕೆಯಾಯಿತು. ಇದರಲ್ಲಿ ರಕ್ಷಣಾ ಸಂಸ್ಥೆಯ ಪಾಲೇ 4,000 ಎಕರೆಗೆ ಮಿಕ್ಕುದು. ಬಳಸದ ಬರಡು ನೆಲಕ್ಕೆ ಬಳಕೆ ಬಂದಿತೆಂದು ಹೇಳಿದವರುಂಟು. ಆದರೆ ಕೃಷ್ಣಮೃಗವೂ ಕುರಿಯೂ ಮೇಯುವ ನೆಲವನ್ನು ಬರಡೆನ್ನಬೇಕಾದರೆ ಹುಲ್ಲನ್ನು ಕಾಣದಿರುವ ಅಭ್ಯಾಸ ಬೇಕು. ಗೋಡೆಗಳು ಎದ್ದ ಮೇಲೆ ಪ್ರತಿಭಟನೆಗಳಾದವು. 2013ರ ವೇಳೆಗೆ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. ಹಳ್ಳಿಗರ ಕಷ್ಟ ವಿಚಿತ್ರವಾದುದು. ತಲೆಮಾರುಗಳಿಂದ ಮೇಯಿಸಿದ್ದೇವೆಂಬುದಕ್ಕೆ ಅವರಲ್ಲಿ ನೆನಪಿತ್ತು, ಪಹಣಿಯಿರಲಿಲ್ಲ. ಕಾವಲು ಸರ್ಕಾರದ್ದೆಂಬುದಕ್ಕೆ ಬೆಣ್ಣೆಚಾವಡಿಯ ಕಾಲದಿಂದ ದಾಖಲೆಯಿತ್ತು.

ರಾಷ್ಟ್ರಕ್ಕೆ ವಿಜ್ಞಾನ ಬೇಡವೆಂದು ಯಾರೂ ಹೇಳಲಾರರು, ನಾನೂ ಹೇಳೆನು. ಆದರೂ ಆ ಬಯಲಿನಲ್ಲಿ ನಿಂತವನಿಗೆ, ಈ ನೆಲವು ಸೈನ್ಯದ ಕೈಬಿಟ್ಟ ಕಾಲವೇ ಸ್ವಲ್ಪವೆಂದು ಹೊಳೆಯದೆ ಇರದು. 2017ರಲ್ಲಿ ಇಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷಾಂಗಣ ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರ ಮುಂಜಾನೆ, ವಾಯುಪಡೆಯ ಹೆಲಿಕಾಪ್ಟರೊಂದು ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನವು ತಾನಾಗಿಯೇ ದಾರಿ ಕಂಡುಕೊಂಡು, ಹಿಂದೆ ತೋಪಿನ ಎತ್ತುಗಳು ಮೇಯ್ದ ಈ ಕಾವಲುಸೀಮೆಯ ಓಡುಪಥಕ್ಕೆ ಇಳಿದು ನಿಂತಿತು.